ವಿವರ ಹೇಳಿ, ನಾಲ್ಕು ಸಾಲಿನಲ್ಲಿ

ಬಸ್ ನಿಲ್ದಾಣದ ಹಿಂಬದಿಯಲ್ಲಿ, ಹಳೇ ಟೈರುಗಳ ಕೋಣೆಯನ್ನು ದಾಟಿದರೆ ಒಂದು ಕಂಬಿ ಕಿಟಕಿ ಇದೆ. ಮೇಲೆ ‘ಕಳೆದುಹೋದ ವಸ್ತುಗಳು’ ಎಂಬ ಬೋರ್ಡು. ಅದರ ಒಂದು ಮೊಳೆಯೂ ಕಳೆದುಹೋಗಿ ಬೋರ್ಡು ಓರೆಯಾಗಿ ನೇತಾಡುತ್ತದೆ. ಕಿಟಕಿಯ ಹಿಂದೆ ಕೂರುವವಳನ್ನು ಡ್ರೈವರು, ಕಂಡಕ್ಟರುಗಳೆಲ್ಲ ‘ಕಳೆದವರಕ್ಕ’ ಎನ್ನುತ್ತಾರೆ. ಛತ್ರಿ ಕಳೆದವರಿಗೂ ಅವಳೇ ಅಕ್ಕ, ಹಲ್ಲಿನ ಸೆಟ್ಟು ಕಳೆದವರಿಗೂ ಅವಳೇ ಅಕ್ಕ. ಬಸ್ಸಿನಲ್ಲಿ ಹಲ್ಲಿನ ಸೆಟ್ಟು ಬಿಟ್ಟು ಹೋಗುವುದು ಹೇಗೆ ಎಂದು ನೀವು ಕೇಳಬಹುದು. ಅಕ್ಕ ಕೇಳುವುದಿಲ್ಲ. ಆ ಕಿಟಕಿಯ ಹಿಂದೆ ಕೂತವರಿಗೆ ಮನುಷ್ಯರ ಬಗ್ಗೆ ಆಶ್ಚರ್ಯ ಉಳಿಯುವುದಿಲ್ಲ.

ಅಲ್ಲಿನ ನಿಯಮ ಒಂದೇ: ವಸ್ತುವನ್ನು ನೋಡುವ ಮುಂಚೆ ವಿವರ ಹೇಳಬೇಕು. ಬಣ್ಣ, ಗುರುತು, ಒಳಗೆ ಏನಿದೆ. ಹೇಳಿದ್ದು ಹೊಂದಿದರೆ ವಸ್ತು ಕೈಗೆ ಬರುತ್ತದೆ, ಇಲ್ಲದಿದ್ದರೆ ಇಲ್ಲ.

“ಕಪ್ಪು ಛತ್ರಿ ಅಕ್ಕ.”

“ಒಳಗೆ ಕಪ್ಪು ಛತ್ರಿಗಳ ದೊಡ್ಡ ಸಂಸಾರವೇ ಇದೆ. ನಿಮ್ಮದು ಹೇಗಿದೆ?”

“ನನ್ನದು... ಮಳೆ ಬಂದಾಗ ಹಿಡಿಯೋದು.”

ಹೀಗಿರುತ್ತಿತ್ತು ವಿವರ. ಊಟದ ಡಬ್ಬಿ ಕಳೆದುಕೊಂಡ ಗಂಡಸು ‘ಸ್ಟೀಲ್ ಡಬ್ಬಿ’ ಎಂದು ಹೇಳಿ, ಇನ್ನೇನು ಹೇಳಬೇಕು ಎಂದು ಕಣ್ಣು ಪಿಳಿಪಿಳಿ ಬಿಡುತ್ತಿದ್ದ. ಮರುದಿನ ಅವನ ಹೆಂಡತಿ ಬರುತ್ತಿದ್ದಳು. “ಮುಚ್ಚಳಕ್ಕೆ ಎಡಗಡೆ ಒಂದು ಗುದ್ದು ಕೊಟ್ರೇನೇ ಕೂರೋದು. ತಳದಲ್ಲಿ ಸೀದ ಕಲೆ, ಎಷ್ಟು ಉಜ್ಜಿದ್ರೂ ಹೋಗಿಲ್ಲ.” ಡಬ್ಬಿ ತಕ್ಷಣ ಹೊರಗೆ ಬರುತ್ತಿತ್ತು. ಡಬ್ಬಿಯಲ್ಲಿ ಉಂಡವನಿಗೆ ಡಬ್ಬಿ ಗೊತ್ತಿರುವುದಿಲ್ಲ, ತೊಳೆದವಳಿಗೆ ಗೊತ್ತಿರುತ್ತದೆ. ಇದು ಅಕ್ಕ ಆ ಕಿಟಕಿಯಲ್ಲಿ ಕಲಿತ ಮೊದಲ ಪಾಠ.

ಎರಡನೆಯ ಪಾಠ ಒಂದು ಚೀಲದ ರೂಪದಲ್ಲಿ ಬಂತು. ಒಂದು ಮಧ್ಯಾಹ್ನ ಬೆಳ್ಳಿಗೂದಲಿನ ಹೆಂಗಸೊಬ್ಬರು ಕಿಟಕಿಗೆ ಬಂದು ಹೇಳಿದರು: “ಬೂದು ಬಣ್ಣದ ಚೀಲ. ಒಂದು ಕಿವಿ ಉದ್ದ, ಒಂದು ಕಿವಿ ಗಿಡ್ಡ. ನೆಲದ ಮೇಲಿಟ್ಟರೆ ಬೈಸಿಕೊಂಡ ನಾಯಿ ಥರ ತಲೆ ಒಂದು ಕಡೆ ವಾಲಿಸಿಕೊಂಡು ಕೂರುತ್ತೆ.”

ಅಕ್ಕ ಒಳಗೆ ಹೋದಳು. ಚೀಲಗಳ ಸಾಲಿನ ಕೊನೆಯಲ್ಲಿ, ನಿಜಕ್ಕೂ ಯಾರೋ ಈಗಷ್ಟೇ ಗದರಿದ ಹಾಗೆ, ಒಂದು ಚೀಲ ತಲೆ ವಾಲಿಸಿಕೊಂಡು ಕೂತಿತ್ತು. ಅವಳಿಗೆ ನಗು ತಡೆಯಲಾಗಲಿಲ್ಲ.

“ಮೇಡಂ, ಇಷ್ಟು ಚೆನ್ನಾಗಿ ಇದುವರೆಗೆ ಇಲ್ಲಿ ಯಾರೂ ಏನೂ ಕಳೆದುಕೊಂಡಿಲ್ಲ.”

“ಅದಕ್ಕೆ ಉಪಮೆ ಅಂತಾರಮ್ಮ. ಗುರುವಾರ ಸಂಜೆ ವಾಚನಾಲಯದ ಮಹಡಿ ಮೇಲೆ ಪದ್ಯ ಕಟ್ಟೋದು ಹೇಳಿಕೊಡ್ತೀನಿ. ಪುಕ್ಕಟೆ. ಬಾ.”

ಅವರು ನಿವೃತ್ತ ಶಿಕ್ಷಕಿ. ಅಕ್ಕ ಆ ಗುರುವಾರವೇ ಹೋದಳು.

ಮಹಡಿಯ ಮೇಲಿನ ಕೋಣೆಯಲ್ಲಿ ಕೈ ಮುರಿದ ಕುರ್ಚಿಗಳು, ತಿರುಗುವಾಗ ಗೊಣಗುವ ಫ್ಯಾನು, ಪಶ್ಚಿಮಕ್ಕೆ ತೆರೆದ ಒಂದು ಕಿಟಕಿ. ಜೊತೆಗೆ ಕಲಿಯಲು ಬಂದವರು ಒಬ್ಬ ಕ್ಷೌರಿಕ, ಕಾಲೇಜಿನ ಇಬ್ಬರು ಹುಡುಗಿಯರು, ಸದಾ ಕೆಮ್ಮುವ ಒಬ್ಬ ಮಾಜಿ ಗುಮಾಸ್ತ. ಮೇಡಂ ಮೇಜು ಬಡಿದು ಲಯ ಕಲಿಸಿದರು. ಸಾಲಿನ ಕೊನೆಯಲ್ಲಿ ಬರುವುದು ಅಂತ್ಯಪ್ರಾಸ. ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ಆಗಿದ್ದರೆ ಆದಿಪ್ರಾಸ. ನಾಲ್ಕು ಸಾಲಿನದು ಚೌಪದಿ. ಆರು ಸಾಲಿನದು ಷಟ್ಪದಿ: ಎರಡು ಸಾಲು ಚಿಕ್ಕವು, ಮೂರನೆಯದು ಕಾಲು ಚಾಚುತ್ತದೆ, ಮತ್ತೆರಡು ಚಿಕ್ಕವು, ಆರನೆಯದು ಮತ್ತೆ ಕಾಲು ಚಾಚುತ್ತದೆ.

‘ನಮ್ಮನೆ ಸೋಫಾ’ ಎಂದುಕೊಂಡಳು ಅಕ್ಕ. ಅಲ್ಲಿಯೂ ಅಷ್ಟೇ, ಕಾಲು ಚಾಚುವವರು ಇಬ್ಬರು, ಮುದುರಿಕೊಳ್ಳುವವರು ಉಳಿದವರು.

“ಇಷ್ಟೆಲ್ಲ ಇದ್ದೂ ಪದ್ಯ ಆಗದೇ ಇರಬಹುದು” ಎಂದರು ಮೇಡಂ. “ಪದ್ಯ ಕಣ್ಣಿಗೆ ಕಾಣಬೇಕು, ಕಿವಿಗೆ ಕೇಳಬೇಕು, ಮನೆಗೆ ಹೋದ ಮೇಲೂ ಬಾಯಲ್ಲಿ ಉಳೀಬೇಕು. ಪ್ರಾಸಕ್ಕೋಸ್ಕರ ಸುಳ್ಳು ಹೇಳಿದರೆ ನನಗೆ ಗೊತ್ತಾಗುತ್ತೆ. ಮುಂದಿನ ವಾರ ಎಲ್ಲರೂ ಸ್ವಂತದ್ದೊಂದು ಚೌಪದಿ ತರಬೇಕು.”

ಅಕ್ಕನಿಗೆ ಪಾಠ ಇಷ್ಟವಾಯಿತು. ಅದಕ್ಕಿಂತ ಇಷ್ಟವಾದದ್ದು ಇನ್ನೊಂದು: ಆ ಒಂದು ಗಂಟೆಯಲ್ಲಿ ಯಾರೂ ಅವಳನ್ನು ‘ಎಲ್ಲಿದೆ?’ ಎಂದು ಕೇಳಲಿಲ್ಲ.

ಯಾಕೆಂದರೆ ಅವಳ ಮನೆ ನಡೆಯುತ್ತಿದ್ದದ್ದೇ ಆ ಪದದ ಮೇಲೆ. ಅವಳ ಗಂಡ ಕನ್ನಡಕದಂಗಡಿಯಲ್ಲಿ ಕೆಲಸ ಮಾಡುತ್ತಿದ್ದ. ಊರಿನವರಿಗೆಲ್ಲ ದೂರದ್ದು, ಹತ್ತಿರದ್ದು ಕಾಣುವ ಹಾಗೆ ಗಾಜು ಕೂರಿಸಿ ಕಳಿಸುತ್ತಿದ್ದವನಿಗೆ ತನ್ನ ಮೂಗಿನ ಕೆಳಗಿನ ಟವೆಲ್ಲು ಕಾಣುತ್ತಿರಲಿಲ್ಲ. ಕಾಲೇಜಿಗೆ ಹೋಗುವ ಮಗ ಅಪ್ಪನಿಗೆ ತಕ್ಕವನು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುವ ಗಾದೆ ಇದೆಯಲ್ಲ, ಇವರು ಅಷ್ಟೂ ಕಷ್ಟಪಡುತ್ತಿರಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು, ಕೂತಲ್ಲೇ ಕೂತು, “ಕೂಸೆಲ್ಲಿದೆ?” ಎಂದು ಕೂಗುತ್ತಿದ್ದರು. ಅತ್ತೆ ಕೂಗುತ್ತಿರಲಿಲ್ಲ. “ಈ ಮನೇಲಿ ಇಟ್ಟಿದ್ದು ಇಟ್ಟಲ್ಲಿ ಇರಲ್ಲ” ಎಂದು ಗೋಡೆಗೆ ಹೇಳುತ್ತಿದ್ದರು. ಗೋಡೆಗೆ ಹೇಳಿದ್ದು ಸೊಸೆಗೆ ಕೇಳಬೇಕು ಎನ್ನುವುದು ಹಳೆಯ ಏರ್ಪಾಡು.

ಹಗಲೆಲ್ಲ ಊರಿನವರು ಕಳೆದದ್ದು, ಸಂಜೆಯಾದರೆ ಮನೆಯವರು ಕಳೆದದ್ದು. ಒಂದಕ್ಕೆ ಸಂಬಳವಿತ್ತು.

ಮೊದಲ ಗುರುವಾರ ಅಕ್ಕ ಹಿಂತಿರುಗಿದಾಗ ಮನೆ ಕಳ್ಳರು ಹೊಕ್ಕ ಹಾಗಿತ್ತು. ಬೀರುವಿನ ಬಟ್ಟೆ ನೆಲದ ಮೇಲೆ, ಅಡುಗೆಮನೆಯ ಡಬ್ಬಿಗಳ ಮುಚ್ಚಳಗಳೆಲ್ಲ ತೆಗೆದೇ ಇದ್ದವು. ಮೂವರೂ ಸೋಫಾದ ಮೇಲೆ, ದಡಕ್ಕೆ ಬಂದು ಬಿದ್ದವರ ಹಾಗೆ ಕೂತಿದ್ದರು.

“ಸಕ್ಕರೆ ಸಿಗಲಿಲ್ಲ” ಎಂದ ಗಂಡ, ಸಾವಿನ ಸುದ್ದಿ ಹೇಳುವ ದನಿಯಲ್ಲಿ.

“ಸಕ್ಕರೆ ಅಂತ ಡಬ್ಬಿ ಮೇಲೆ ಬರೆದಿದೆಯಲ್ರೀ.”

“ಬರೆದಿರೋದೆಲ್ಲ ನಂಬೋಕಾಗುತ್ತಾ?”

ಅಲ್ಲೇ ಪಂಚಾಯಿತಿ ಸೇರಿತು. ಗಂಡ ಗಂಟಲು ಸರಿಪಡಿಸಿಕೊಂಡ. “ನೋಡು, ನೀನು ಪದ್ಯ ಬರೆಯೋದಕ್ಕೆ ನನ್ನ ವಿರೋಧ ಇಲ್ಲ. ಆದರೆ ಅದಕ್ಕೆ ಬೇಕಾಗಿರೋದು ಪೆನ್ನು, ಪೇಪರ್ರು. ಎರಡೂ ಮನೇಲಿದೆ. ವಾಚನಾಲಯದಲ್ಲಿ ಏನು ಪದ್ಯದ ಬಾವಿ ಇದೆಯಾ, ಹೋಗಿ ಸೇದ್ಕೊಂಡು ಬರೋಕೆ? ಮನೇಲೇ ಬರಿ.”

“ಪೆನ್ನು ಎಲ್ಲಿದೆ?” ಎಂದ ಮಗ ಅಭ್ಯಾಸಬಲದಿಂದ.

ಅತ್ತೆ ಗೋಡೆಗೆ ಹೇಳಿದರು: “ಸಂಜೆ ಹೊತ್ತು ಮನೆ ಹೆಂಗಸು ಮನೇಲಿ ಇದ್ರೆ ಚಂದ.”

ಮುಂದಿನ ಗುರುವಾರ ಹೋಗಬಾರದು ಎಂದು ತೀರ್ಪಾಯಿತು. ಅಕ್ಕ ಎದ್ದು ಒಂದೊಂದೇ ಮುಚ್ಚಳ ಹಾಕುತ್ತ ಬಂದಳು. ಎಷ್ಟೋ ವರ್ಷಗಳ ಮೇಲೆ ತನ್ನ ಕೈಗೆ ಸಿಕ್ಕಿದ್ದ ಒಂದು ಗಂಟೆ, ಬಂದ ವಾರವೇ ಹೊರಟುನಿಂತಿತ್ತು.

ಮರುದಿನ ಸಂಜೆ ಅವಳು ತರಕಾರಿ ಹೆಚ್ಚುತ್ತ ಚೌಪದಿಯ ಮೊದಲ ಸಾಲು ಹುಡುಕುತ್ತಿದ್ದಳು. ಕೈ ಮಾತ್ರ ಅಡುಗೆಮನೆಯಲ್ಲಿತ್ತು. ಹಿಂದಿನಿಂದ ಗಂಡನ ದನಿ ಬಂತು: “ನನ್ನ ನೇಲ್ ಕಟರ್ ಎಲ್ಲಿದೆ?”

ಅಕ್ಕ ತಲೆಯೆತ್ತಲಿಲ್ಲ. ಕಂಬಿ ಕಿಟಕಿಯ ಹಿಂದಿನ ದನಿಯಲ್ಲಿ ಅವಳ ಬಾಯಿ ತಾನೇ ಹೇಳಿತು: “ವಸ್ತುವಿನ ವಿವರ ಹೇಳಿ.”

“ಆಂ?”

ಆಗ ಅವಳಿಗೆ ತಪ್ಪು ತಿಳಿಯಿತು. ಕಚೇರಿಯ ಮಾತು ಮನೆಗೆ ಬಂದುಬಿಟ್ಟಿತ್ತು. ನಾಲಿಗೆ ಕಚ್ಚಿಕೊಳ್ಳಬೇಕು ಎನ್ನುವಷ್ಟರಲ್ಲಿ ಗಂಡ ಪಾಪ, ಸಾಲಿನಲ್ಲಿ ನಿಂತ ಪ್ರಯಾಣಿಕನ ಹಾಗೆ ಉತ್ತರ ಕೊಡಲು ಹೊರಟ.

“ಅದೇ... ನೇಲ್ ಕಟರ್ ಥರಾನೇ ಇದೆ. ಉಗುರು ಕತ್ತರಿಸುತ್ತೆ.”

“ಎಲ್ಲವೂ ಕತ್ತರಿಸುತ್ತವೆ. ಗುರುತು?”

ಅವನು ಯೋಚಿಸಿದ. ಮದುವೆಯಾದಾಗಿನಿಂದ ಅದೇ ನೇಲ್ ಕಟರ್. ಬಣ್ಣ ನೆನಪಾಗಲಿಲ್ಲ. ಉದ್ದ ನೆನಪಾಗಲಿಲ್ಲ. ಕನ್ನಡಕದಂಗಡಿಯವನ ಮುಖ ಛತ್ರಿ ಕಳೆದವನ ಮುಖವಾಯಿತು. ಅಕ್ಕ ಈಳಿಗೆ ಪಕ್ಕಕ್ಕಿಟ್ಟಳು. ನಾಲಿಗೆ ಕಚ್ಚಿಕೊಳ್ಳುವ ವಿಚಾರವನ್ನೂ ಅದರ ಪಕ್ಕದಲ್ಲೇ ಇಟ್ಟಳು.

“ರೀ, ಪದ್ಯ ಮನೇಲೇ ಬರಿ ಅಂದ್ರಲ್ಲ. ಆಗಲಿ. ಆದರೆ ಬರೆಯೋದಾದ್ರೆ ಮನೆಯವರೆಲ್ಲ ಬರೆಯೋಣ. ಯಾರಿಗೆ ಏನು ಬೇಕಾದ್ರೂ ನಾಲ್ಕು ಸಾಲಿನಲ್ಲಿ ಕೇಳಿ. ಪ್ರಾಸ ಇರಬೇಕು, ಕೇಳೋ ವಸ್ತು ಕಣ್ಣಿಗೆ ಕಾಣಬೇಕು. ಕೇಳಿದ ಕೂಡಲೇ ತಂದುಕೊಡ್ತೀನಿ. ಗುರುವಾರದವರೆಗೆ ಒಂದೇ ಒಂದು ಸಲ ನಾನು ಕೊಡಲಿಲ್ಲ ಅಂತ ಆದ್ರೆ, ವಾಚನಾಲಯದ ಮೆಟ್ಟಿಲು ಹತ್ತಲ್ಲ. ಕೊಟ್ಟರೆ, ಗುರುವಾರ ನನ್ನದು.”

ಗಂಡ ನಕ್ಕ. “ಅಷ್ಟೇನಾ? ಪ್ರಾಸ ಏನು ಮಹಾ! ಒಪ್ಪಿದೆ.”

ಒಪ್ಪಿದವನು ಮರುದಿನ ಬೆಳಗ್ಗೆ ಬಚ್ಚಲಿನಲ್ಲಿ ಸಿಕ್ಕಿಬಿದ್ದ. ಬಾಗಿಲು ಅಂಗುಲದಷ್ಟು ತೆರೆದುಕೊಂಡಿತು. ಒಳಗಿನಿಂದ ಹಬೆಯ ಜೊತೆ ಕವಿತೆ ಬಂತು:

“ಓ ನನ್ನ ಮನದನ್ನೆ,
ಎಲ್ಲಿಟ್ಟೆ ಅದನ್ನೆ?
ಹುಡುಕಿದೆ ನಾ ಮೊನ್ನೆ,
ಸಿಕ್ಕಿದ್ದು ಸೊನ್ನೆ!”

“ಪ್ರಾಸ ಭರ್ಜರಿಯಾಗಿದೆ” ಎಂದಳು ಅಕ್ಕ. “ಆದರೆ ಮೊನ್ನೆ ಯಾಕೆ ಹುಡುಕಿದ್ರಿ?”

“ಪ್ರಾಸಕ್ಕೆ ಕಣೇ!”

“ಪ್ರಾಸಕ್ಕೋಸ್ಕರ ಸುಳ್ಳು ಹೇಳಬಾರದು ಅಂತಾರೆ ಮೇಡಂ. ಹೋಗಲಿ, ‘ಅದನ್ನೆ’ ಅಂದ್ರೆ ಯಾವುದನ್ನ?”

“ಟವೆಲ್ಲು! ಚಳಿ ಆಗ್ತಿದೆ!”

“ಪದ್ಯದಲ್ಲಿ ಟವೆಲ್ಲೇ ಇಲ್ಲವಲ್ರೀ. ಮೊದಲು ಪದ್ಯದೊಳಗೆ ಬರಲಿ, ಆಮೇಲೆ ಬಚ್ಚಲಿನೊಳಗೆ ಬರುತ್ತೆ.”

ಒಳಗೆ ಸ್ವಲ್ಪ ಹೊತ್ತು ಹಲ್ಲು ಕಟಕಟ ಎನ್ನುವ ಸದ್ದು. ಲಯ ಚೆನ್ನಾಗಿತ್ತು. ಆಮೇಲೆ “ಟವೆಲ್ಲು, ಟವೆಲ್ಲು...” ಎಂದು ಗೊಣಗುತ್ತ, ಅದಕ್ಕೆ ಪ್ರಾಸ ಹುಡುಕಿ ಹುಡುಕಿ ಕಡೆಗೆ ಮೈಮೇಲಿನ ನೀರು ಅಲ್ಲೇ ಆರಿತು.

ಮಗ ಓದಿದವನು. ಅವನು ಅಡುಗೆಮನೆಯ ಬಾಗಿಲಿಗೆ ಒರಗಿ, ಒಂದೊಂದು ಪದಕ್ಕೂ ಉಸಿರು ಬಿಟ್ಟು ಹೇಳಿದ:

“ಅಮ್ಮಾ.
ಚಾರ್ಜರ್.
ಎಲ್ಲಿ.
ಹೇಳು.”

“ಪ್ರಾಸ ಎಲ್ಲೋ?”

“ಇದು ಮುಕ್ತಛಂದಸ್ಸು ಅಮ್ಮ. ನಿಮ್ಮ ಕಾಲದ್ದಲ್ಲ.”

“ಮುಕ್ತಛಂದಸ್ಸು ನನಗೂ ಹೇಳಿಕೊಟ್ಟಿದಾರೆ. ಸಾಲು ಮುರಿದ ಮಾತ್ರಕ್ಕೆ ಕವಿತೆ ಆಗಲ್ಲ, ಮುರಿದ ಜಾಗದಲ್ಲಿ ಏನಾದ್ರೂ ಕಾಣಬೇಕು. ಚಾರ್ಜರ್ ಹೇಗಿದೆ ಹೇಳು, ನೋಡೋಣ.”

“ಬಿಳೀದು. ಅಲ್ಲ, ಕರೀದು. ಅಯ್ಯೋ ಅಮ್ಮ, ಹುಡುಕಿಕೊಳ್ಳೋದೇ ಸುಲಭ!” ಎಂದು ಅವನು ಸಿಟ್ಟಿನಿಂದ ಕೋಣೆಗೆ ಹೋದ. ಚಾರ್ಜರ್ ಗೋಡೆಯ ಪ್ಲಗ್ಗಿನಲ್ಲೇ ನೇತಾಡುತ್ತಿತ್ತು. ಅವನೇ ಹಾಕಿದ್ದು.

ಹುಡುಕಿಕೊಳ್ಳೋದೇ ಸುಲಭ ಎನ್ನುವ ಆ ಮಾತು ಸಾಂಕ್ರಾಮಿಕದ ಹಾಗೆ ಮನೆಯಲ್ಲಿ ಹರಡಿತು. ಗಂಡ ಮೊದಲ ಸಲ ಡ್ರಾಯರುಗಳನ್ನು ಎಳೆದು ನೋಡಿದ. “ನಮ್ಮನೇಲಿ ಇಷ್ಟೊಂದು ಡ್ರಾಯರ್ ಇದೆಯಾ?” ಎಂದು ಬೆರಗಾದ. ನೇಲ್ ಕಟರ್ ಸಿಕ್ಕಿತು. ಅದರ ಜೊತೆ ಇನ್ನೊಂದು ನೇಲ್ ಕಟರೂ, ಅವನು ಕಳೆದುಹೋಯಿತೆಂದು ಬಸ್ಸಿನವರನ್ನು ಬೈದಿದ್ದ ಕೈಗಡಿಯಾರವೂ ಸಿಕ್ಕಿದವು. ಟವೆಲ್ಲು ಒಗೆದ ಬಟ್ಟೆಯ ರಾಶಿಯ ಅಡಿಯಲ್ಲಿತ್ತು. ಅದನ್ನು ತೆಗೆಯಬೇಕಾದರೆ ರಾಶಿ ಸರಿಸಬೇಕು, ಸರಿಸಿದರೆ ಬೀಳುತ್ತದೆ, ಬೀಳದಿರಬೇಕಾದರೆ ಮಡಚಬೇಕು. ಮಡಚಿದ. ಮಡಚಿದ ಅಂಗಿಗಳು ಒಂದೊಂದೂ ಒಂದೊಂದು ಆಕಾರದಲ್ಲಿದ್ದವು, ಆ ಮಾತು ಬೇರೆ.

ಸೋಲದೆ ಉಳಿದವರು ಅತ್ತೆ.

“ನನ್ನ ವಸ್ತುಗೆ ನಾನು ಹಾಡು ಹೇಳಬೇಕಾ?” ಎಂದು ಗೋಡೆಗೆ ಹೇಳಿ ಅವರು ಮೌನ ಹಿಡಿದರು. ಅವರ ಮಂಡಿಯೆಣ್ಣೆಯ ಶೀಶೆ ಕಾಣದೆ ಎರಡು ದಿನವಾಗಿತ್ತು. ಬಗ್ಗಿ ಮಂಚದಡಿ ನೋಡಲು ಮಂಡಿ ಬಿಡುತ್ತಿರಲಿಲ್ಲ, ಮಂಡಿ ಬಿಡಬೇಕಾದರೆ ಎಣ್ಣೆ ಬೇಕಿತ್ತು. ಶೀಶೆ ಕಪಾಟಿನ ಮೇಲಿದೆ ಎಂದು ಅಕ್ಕನಿಗೆ ಗೊತ್ತಿತ್ತು. ಧೂಳು ಹೊಡೆಯುವಾಗ ತಾನೇ ಇಟ್ಟದ್ದು. ಕೊಟ್ಟುಬಿಡೋಣ ಎಂದು ಮನಸ್ಸು ಎಳೆಯುತ್ತಿತ್ತು. ಕೊಟ್ಟರೆ ಮಾತು ಬಿದ್ದುಹೋಗುತ್ತದೆ, ನಾಳೆ ಟವೆಲ್ಲನ್ನೂ ಬಿಟ್ಟಿಯಾಗಿ ಕೇಳುತ್ತಾರೆ. ಬುಧವಾರ ಸಂಜೆ ಅವಳು ಸೋತು ಸ್ಟೂಲಿಗೆ ಕೈ ಹಾಕಿದ್ದೇ ತಡ, ಅತ್ತೆ ಕುರ್ಚಿಯಲ್ಲಿ ನೆಟ್ಟಗೆ ಕೂತು, ಗೋಡೆಯನ್ನು ಬಿಟ್ಟು ಸೊಸೆಯ ಮುಖವನ್ನೇ ನೋಡುತ್ತ, ಒಂದೇ ಉಸಿರಿಗೆ ಹೇಳಿದರು:

“ಮಂಡಿನೋವಿನ ಎಣ್ಣೆ, ಅರ್ಧ ಖಾಲಿ ಶೀಶೆ,
ಮುಂಡಾಸು ಕಟ್ಟಿದ ಹಾಗೆ ಬಾಯಿಗೆ ಬಟ್ಟೆ;
ಕಂಡರೂ ಕಾಣದವಳಂತೆ ನಿಂತ ಸೊಸೆಯೇ,
ಗುಂಡಿಗೆ ಇದ್ದರೆ ಹೇಳೇ, ಎಲ್ಲಿ ಇಟ್ಟೆ?”

ಮಗ ಫೋನು ಕೆಳಗಿಟ್ಟ. ಗಂಡ ಮಡಚುತ್ತಿದ್ದ ಅಂಗಿಯನ್ನು ಎದೆಗೊತ್ತಿಕೊಂಡು ನಿಂತ.

ಅಕ್ಕ ಸ್ಟೂಲು ಹತ್ತಿ ಶೀಶೆ ತೆಗೆದಳು. ಮುಚ್ಚಳ ಕಳೆದುಹೋದ ಅದರ ಬಾಯಿಗೆ ಬಟ್ಟೆಯ ಚೂರು ಸುತ್ತಿತ್ತು. ನಿಜವಾಗಿಯೂ ಪುಟ್ಟ ಮುಂಡಾಸಿನ ಹಾಗೇ ಇತ್ತು. ದಿನಾ ಒರೆಸುತ್ತಿದ್ದ ಅವಳೇ ಅದನ್ನು ಹಾಗೆ ನೋಡಿರಲಿಲ್ಲ.

“ಅತ್ತೆ, ಎಲ್ಲಿ ಕಲಿತ್ರಿ ಇದನ್ನ? ಆದಿಪ್ರಾಸ, ಅಂತ್ಯಪ್ರಾಸ, ಉಪಮೆ, ಎಲ್ಲ ಇದೆ!”

“ಅವೆಲ್ಲ ಯಾರೋ ನನಗೆ ಗೊತ್ತಿಲ್ಲ” ಎಂದರು ಅತ್ತೆ, ಎಣ್ಣೆ ಸುರಿದುಕೊಳ್ಳುತ್ತ. “ನಮ್ಮತ್ತೆ ಎದುರು ಬಾಯಿ ತೆಗೆಯೋ ಹಾಗಿರಲಿಲ್ಲ ಕಣೆ. ಒಳಗೊಳಗೇ ಬೈತಿದ್ದೆ. ಕೆಲಸದ ಗಡಿಬಿಡೀಲಿ ಬೈದಿದ್ದು ಮರೆತುಹೋಗ್ತಿತ್ತು. ಮರೀಬಾರದು ಅಂತ ಪ್ರಾಸ ಹಾಕಿ ಇಟ್ಕೊಳ್ತಿದ್ದೆ. ಒಂದೂ ಮರೆತಿಲ್ಲ.”

“ಎಷ್ಟಿದೆ ಅಜ್ಜಿ?” ಎಂದು ಕೇಳಿದ ಮಗ.

“ಅವರು ಹೋಗಿ ಎಷ್ಟೋ ಕಾಲ ಆಯ್ತು. ಇನ್ನೂ ಮುಗಿದಿಲ್ಲ.”

ಗುರುವಾರ ಬಂತು. ಕಚೇರಿಯಿಂದ ಬೇಗ ಬಂದ ಅಕ್ಕ ಊಟದ ಮೇಜಿನ ಮುಂದೆ ಬಿಳಿ ಹಾಳೆ ಹರಡಿ ಕೂತಳು. ಅತ್ತೆಯ ಎಣ್ಣೆಯೊಂದನ್ನು ಬಿಟ್ಟರೆ ಎರಡು ದಿನದಿಂದ ಯಾರೂ ಏನೂ ಕೇಳಿರಲಿಲ್ಲ. ಮನೆಯಲ್ಲಿ ಎಂಥ ನಿಶ್ಶಬ್ದವೆಂದರೆ, ಬರೆಯದಿರಲು ನೆಪವೇ ಉಳಿದಿರಲಿಲ್ಲ. ಇಷ್ಟು ದಿನ ‘ಎಲ್ಲಿದೆ’ಗಳ ನಡುವೆ ಸಾಲು ಹೊಳೆಯುತ್ತಿಲ್ಲ ಎಂದುಕೊಂಡಿದ್ದಳು. ಈಗ ಕೇಳುವವರಿಲ್ಲ, ಸಾಲೂ ಇಲ್ಲ. ಪೆನ್ನಿನ ತುದಿ ಕಚ್ಚಿದಳು. ಕಡೆಗೆ ಬೇರೆ ದಾರಿ ಕಾಣದೆ, ತನ್ನನ್ನೇ ಕಂಬಿಯ ಆಚೆ ನಿಲ್ಲಿಸಿಕೊಂಡು ಕೇಳಿದಳು: ನಿಮ್ಮದೇನು ಕಳೆದಿದೆ? ವಿವರ ಹೇಳಿ.

ಆಗ ಬಂತು. ಬರೆದು ಮುಗಿಸಿ ತಲೆಯೆತ್ತಿದರೆ ಗಂಡ ಎದುರಿಗೆ ನಿಂತಿದ್ದ.

“ಹೊರಟ್ಯಾ?”

“ಹೊರಡ್ಲಾ? ನೀವೇ ಹೇಳಿ. ಕೇಳಿದ್ದನ್ನ ಕೊಡಲಿಲ್ಲ ಅಂತ ಯಾರದ್ದಾದ್ರೂ ದೂರು ಇದೆಯಾ?”

ಅವನು ತಲೆ ಕೆರೆದುಕೊಂಡ. ಟವೆಲ್ಲಿನ ಮೊಕದ್ದಮೆ ಹೂಡಬಹುದಿತ್ತು, ಆದರೆ ಪದ್ಯದಲ್ಲಿ ಟವೆಲ್ಲಿರಲಿಲ್ಲ. “ದೂರು ಹೇಳೋಕೆ ಮೊದಲು ಯಾರಾದ್ರೂ ಏನಾದ್ರೂ ಕೇಳಿರಬೇಕಲ್ಲ” ಎಂದ ಸಪ್ಪಗೆ. ನಂತರ ಅಮ್ಮನ ಕಡೆ ತಿರುಗಿದ. ಕೊನೆಯ ಆಸರೆ ಅದೇ. “ನೀನಾದ್ರೂ ಹೇಳಮ್ಮ. ಸಂಜೆ ಹೊತ್ತು ಮನೆ ಹೆಂಗಸು...”

“ತಡಿಯೋ” ಎಂದರು ಅತ್ತೆ. “ಏನು ಬರೆದ್ಲು ಅಂತ ಕೇಳೋಣ.”

ಅಕ್ಕ ಹಾಳೆ ಎತ್ತಿಕೊಂಡಳು. ಮೇಡಂ ಮುಂದೆ ಓದುವುದಕ್ಕಿಂತ ಇದು ಕಷ್ಟವಾಗಿತ್ತು. ಓದಿದಳು:

“ಬಣ್ಣ: ಬೆಳಕು ಆರುವ ಮುಂಚಿನ ಕಿಟಕಿಯದು,
ಉಣ್ಣಲು ಬಡಿಸೆನ್ನುವ ದನಿ ಅದರೊಳಗಿಲ್ಲ;
ಸಣ್ಣದು, ಮಡಚಿದರೆ ಅಂಗೈಯಲ್ಲಿ ಕೂರುವುದು,
ಕಣ್ಣಿಗೆ ಬಿದ್ದರೆ ತನ್ನಿ, ನನ್ನದೆಂಬುದಕ್ಕೆ ಸಾಕ್ಷಿಯಿಲ್ಲ.”

“ಇದರಲ್ಲಿ ವಸ್ತು ಎಲ್ಲಿದೆ?” ಎಂದು ಗಂಡ ಹಾರಿಬಿದ್ದ. “ನನ್ನ ಪದ್ಯದಲ್ಲಿ ಟವೆಲ್ಲಿಲ್ಲ ಅಂತ ನನ್ನನ್ನ ಚಳೀಲಿ ನಿಲ್ಲಿಸಿದೆ. ಇದರಲ್ಲಿ ಏನು ಕಳೆದಿದೆ ಅಂತಾನೇ ಇಲ್ಲ!”

“ಹೆಸರು ಹೇಳಿಲ್ಲ, ವಿವರ ಹೇಳಿದೀನಿ. ನಿಮ್ಮದರಲ್ಲಿ ಎರಡೂ ಇರಲಿಲ್ಲ.”

“ಒಗಟು ಇದು. ಪದ್ಯ ಅಲ್ಲ.”

ಅತ್ತೆ ಕಿಟಕಿಯ ಕಡೆ ನೋಡುತ್ತಿದ್ದರು. ಅಲ್ಲಿ ಬೆಳಕು ಇನ್ನೂ ಆರಿರಲಿಲ್ಲ. “ಇಂಥದ್ದೇ ಒಂದು ನನ್ನದೂ ಕಳೆದಿತ್ತು” ಎಂದರು ನಿಧಾನಕ್ಕೆ. “ಇದೇ ಬಣ್ಣ.”

ಅಮ್ಮನದು ಏನು ಕಳೆದಿತ್ತು, ಯಾವಾಗ ಕಳೆದಿತ್ತು ಎಂದು ಗಂಡನಿಗೆ ತಿಳಿಯಲಿಲ್ಲ. ಕೇಳೋಣವೆಂದರೆ ನಾಲ್ಕು ಸಾಲಿನ ಭಯ. ಅಷ್ಟರಲ್ಲಿ ಅತ್ತೆ ಕುರ್ಚಿಯ ಕೈ ಹಿಡಿದು ಎದ್ದರು.

“ನನ್ನ ಚಪ್ಪಲಿ ಎಲ್ಲಿದೆ ಅಂತ ನಾನೇನೂ ಕೇಳ್ತಿಲ್ಲ. ನನಗೆ ಗೊತ್ತಿದೆ. ನಡಿ.”

“ಎಲ್ಲಿಗೆ ಅತ್ತೆ?”

“ನಿನ್ನ ಮೇಡಂ ಹತ್ರ. ನನ್ನ ಹತ್ರ ಅಷ್ಟೊಂದು ಇಟ್ಕೊಂಡು ಏನು ಮಾಡ್ಲಿ? ಬೈಸಿಕೊಳ್ಳೋರು ಹೋದ್ರು, ಕೇಳೋರಾದ್ರೂ ಇರಲಿ. ಮಹಡಿ ಮೆಟ್ಟಿಲಿಗೆ ಕಂಬಿ ಇದೆಯೇನೆ?”

“ಇದೆ. ಇಲ್ಲದಿದ್ರೆ ನಾನಿದೀನಿ.”

“ನೀನು ಕೈ ಬಿಟ್ಟರೆ ನಾಲ್ಕು ಸಾಲು ಕಟ್ತೀನಿ, ನೆನಪಿರಲಿ.”

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ಗಾದೆ ಮಾಡಿದವರು ಇಬ್ಬರೂ ಒಂದೇ ಸಂಜೆ ಚಪ್ಪಲಿ ಮೆಟ್ಟುವ ಕಾಲವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅಪ್ಪ ಮಗ ಬಾಗಿಲಲ್ಲಿ ನಿಂತು ನೋಡಿದರು. ಮಂಡಿನೋವಿನ ಹೆಜ್ಜೆ ಒಂದು ಗುರು, ಒಂದು ಲಘು. ಪಕ್ಕದ ಹೆಜ್ಜೆ ಅದಕ್ಕೆ ಹೊಂದಿಕೊಂಡು ನಿಧಾನವಾಗಿ ಹೋಗುತ್ತಿತ್ತು.

ಅವರು ಬೀದಿಯ ತಿರುವು ತಲುಪುವಷ್ಟರಲ್ಲಿ ಹಿಂದಿನಿಂದ, ಎರಡು ಗಂಡು ದನಿಗಳು ಒಟ್ಟಿಗೆ ಕೂಗಿದವು:

“ಅಮ್ಮಾ! ಟೀ ಪುಡಿ ಎಲ್ಲಿದೆ?”

ಒಂದು ಕೂಗು ಅತ್ತೆಗೆ, ಒಂದು ಕೂಗು ಸೊಸೆಗೆ. ಅಕ್ಕ ಅಭ್ಯಾಸಬಲದಿಂದ ತಿರುಗಿದಳು, ಬಾಯಿಯೂ ತೆರೆದಳು. ಅತ್ತೆ ಅವಳ ಮೊಣಕೈ ಹಿಡಿದೆಳೆದು, ತಿರುಗದೆಯೇ, ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು:

“ವಿವರ ಹೇಳ್ರೋ!”

ಹಿಂದೆ ಅಡುಗೆಮನೆಯಲ್ಲಿ ಒಂದು ಡಬ್ಬಿಯ ಮುಚ್ಚಳ ತೆಗೆದ ಸದ್ದು, ಅದನ್ನು ಮತ್ತೆ ಹಾಕಿದ ಸದ್ದು, ಮುಂದಿನ ಡಬ್ಬಿಯ ಸದ್ದು.